ಸಹಾಯ ಬೇಕು: ರೈಫಲ್ ಪ್ಯಾಕ್ ಮಾಡಿ ವಿದೇಶಕ್ಕೆ ಒಯ್ಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವು ತುಮಕೂರಿನವರು. ಮಗಳು 50 ಮೀಟರ್ ರೈಫಲ್ ಶೂಟಿಂಗ್ ಮಾಡುತ್ತಾಳೆ. ಮೊದಲ ಸಲ ಸ್ಪರ್ಧೆಗೆ ಜರ್ಮನಿಗೆ ಹೊರಟಿದ್ದಾಳೆ. ಲೈಸೆನ್ಸ್, ಪರ್ಮಿಟ್ ಕೆಲಸ ನಡೆಯುತ್ತಿದೆ. ಪ್ಯಾಕಿಂಗ್ ಬಗ್ಗೆಯೇ ಭಯ.

ಹೋದ ವರ್ಷ ದೆಹಲಿಗೆ ಹೋದಾಗ ಕೇಸ್ ಒಳಗೆ ರೈಫಲ್ ಅಲುಗಾಡಿ ಅದರ ಹಿಂದಿನ ಸೈಟ್ (ಗುರಿ ನೋಡುವ ಭಾಗ) ಜರುಗಿಬಿಟ್ಟಿತ್ತು. ಪಂದ್ಯದ ಹಿಂದಿನ ದಿನ ಮಗು ಕೂತು ಅತ್ತಳು. ಮತ್ತೆ ಹಾಗಾಗಬಾರದು, ಅಲ್ವಾ?

ನನಗೆ ತಿಳಿದಿರುವುದು ಇಷ್ಟು. ರೈಫಲ್ ಖಾಲಿ ಇರಬೇಕು, ಗಟ್ಟಿ ಕೇಸ್‌ಗೆ ಬೀಗ ಹಾಕಬೇಕು. ಗುಂಡುಗಳಿಗೆ ವಿಮಾನ ಕಂಪನಿಯ ಒಪ್ಪಿಗೆ ಮೊದಲೇ ಬೇಕು, ಅವು ಚೆಕ್-ಇನ್ ಲಗೇಜಿನಲ್ಲೇ ಹೋಗಬೇಕು. ಗುಂಡಿನ ಪೆಟ್ಟಿಗೆ ಸೇರಿ ಒಬ್ಬರಿಗೆ 5 ಕೆಜಿ ಮಿತಿ. ಮಗಳು ಬಳಸುವ ಪಾಯಿಂಟ್ ಟೂ ಟೂ (.22) ಗುಂಡು ಒಂದಕ್ಕೆ ಮೂರು ಗ್ರಾಂ ಚಿಲ್ಲರೆ ಅಷ್ಟೇ, ಹಾಗಾಗಿ ತೂಕದ ಚಿಂತೆ ಇಲ್ಲ.

ಬೋಲ್ಟ್ (ಗುಂಡನ್ನು ಒಳಗೆ ತಳ್ಳಿ ಮುಚ್ಚುವ ಭಾಗ) ತೆಗೆದು ಅದೇ ಕೇಸ್‌ನಲ್ಲಿ ಇಡುತ್ತೀರಾ, ಬೇರೆ ಕಡೆಯಾ? ಸೈಟ್ ಬಿಚ್ಚಿಡುವುದು ಒಳ್ಳೆಯದಾ? ರೈಫಲ್ ಆಕಾರಕ್ಕೆ ದಪ್ಪ ಫೋಮ್ ಕತ್ತರಿಸಿ ಕೊಡುವವರು ತುಮಕೂರಲ್ಲಿ ಯಾರಾದರೂ ಇದ್ದಾರಾ? ಬೆಂಗಳೂರಿಗಾದರೂ ಬರುತ್ತೇನೆ. ವಿಮಾನ ಬದಲಿಸುವ ಕಡೆ ಏನು ಕೇಳುತ್ತಾರೆ ಅಂತ ಹೋಗಿಬಂದವರು ದಯವಿಟ್ಟು ತಿಳಿಸಿ. ಫೋನಲ್ಲಿ ಮಾತಾಡಿದರೆ ಇನ್ನೂ ಉಪಕಾರ.