ನದಿ ಪಕ್ಕದ ರಸ್ತೆ ಅಂದ್ರೆ ಸಮತಟ್ಟು ಅಂತ ನಂಬಬಹುದಾ? ವಾಪಸ್ ಬರುವಾಗ ಪೂರ್ತಿ ಸುಸ್ತು

ನಿಧಾನಗಾಲಿ:

ಎಲ್ಲರಿಗೂ ನಮಸ್ಕಾರ. ರೋಡ್ ಬೈಕ್ ತಗೊಂಡು ಎಂಟು ತಿಂಗಳಾಯ್ತು. ಇಷ್ಟು ದಿನ ಪೇಟೆ ರಸ್ತೆಯಲ್ಲೇ 30-40 ಕಿ.ಮೀ. ಸುತ್ತುತ್ತಿದ್ದೆ, ಈಗ ನದಿಗುಂಟ ಹೋಗುವ ಒಂದು ಸಣ್ಣ ಡಾಂಬರು ರಸ್ತೆ ಸಿಕ್ಕಿದೆ. ಎರಡೂ ಕಡೆ ಹೊಲ, ಅಲ್ಲೊಂದು ಇಲ್ಲೊಂದು ಹಳ್ಳಿ, ಅರ್ಧ ಗಂಟೆಗೆ ಒಂದು ಟ್ರ್ಯಾಕ್ಟರ್ ಬಂದರೆ ಹೆಚ್ಚು. ತುಳಿಯುವುದು ನಿಲ್ಲಿಸಿದರೆ ಹಿಂದಿನ ಚಕ್ರದ ಟಿಕ್ ಟಿಕ್ ಬಿಟ್ಟು ಬೇರೆ ಸದ್ದೇ ಇಲ್ಲ.

ಕಳೆದ ಭಾನುವಾರ ಬೆಳಿಗ್ಗೆ ಏಳಕ್ಕೆ ಹೊರಟು ನದಿ ಹರಿಯುವ ದಿಕ್ಕಿಗೆ 38 ಕಿ.ಮೀ. ಹೋದೆ. ಸರಾಸರಿ ಗಂಟೆಗೆ 28 ಕಿ.ಮೀ. ಬಂತು! ನಾನು ಯಾವಾಗ ಇಷ್ಟು ಗಟ್ಟಿಯಾದೆ ಅಂತ ನನಗೇ ಆಶ್ಚರ್ಯ. ವಾಪಸ್ ಬರುವಾಗ ಎಲ್ಲ ಇಳಿದುಹೋಯ್ತು. 18 ದಾಟಲಿಲ್ಲ, ಎರಡು ಬಾಟಲಿ ನೀರು ಖಾಲಿ, ಮೀನಖಂಡ ಹಿಡಿದುಕೊಂಡು ಒಂದು ಸಣ್ಣ ಸೇತುವೆ ಕಟ್ಟೆ ಮೇಲೆ ಇಪ್ಪತ್ತು ನಿಮಿಷ ಸುಮ್ನೆ ಕೂತಿದ್ದೆ.

ಹೋಗುವಾಗ ಇಳಿಜಾರು, ಬರುವಾಗ ಏರು, ಅದಕ್ಕೇ ಹೀಗೆ ಅಂತ ಸಮಾಧಾನ ಮಾಡಿಕೊಂಡೆ. ಮನೆಗೆ ಬಂದು ಆ್ಯಪ್ ನೋಡಿದರೆ ಎರಡು ತುದಿಗೂ ಎತ್ತರದ ವ್ಯತ್ಯಾಸ ಬರೀ 20 ಮೀಟರ್. ಆದರೆ ಹೋಗಿ ಬಂದ ಒಟ್ಟು ಏರು 410 ಮೀಟರ್ ಅಂತ ತೋರಿಸುತ್ತಿದೆ! ಇದು ಹೇಗೆ? ಮುಂದಿನ ವಾರ ಇನ್ನೂ ಮುಂದೆ ಹೋಗಿ, ನದಿ ದಾಟಿ, ಆಚೆ ದಡದಿಂದ ವಾಪಸ್ ಬರುವ ಯೋಚನೆ ಇದೆ. ಒಟ್ಟು 90 ಕಿ.ಮೀ., ಒಬ್ಬನೇ. ಟೈರ್ 25 ಮಿ.ಮೀ., ಗಾಳಿಯ ಒತ್ತಡ 100 ಪಿಎಸ್‌ಐ ಹಾಕುತ್ತೇನೆ. ಸಾಕಾ, ಬದಲಾಯಿಸಬೇಕಾ?

ಎದುರುಗಾಳಿ:

ನಿಮ್ಮನ್ನು ಸುಸ್ತು ಮಾಡಿದ್ದು ಇಳಿಜಾರು ಅಲ್ಲ, ಗಾಳಿ. 38 ಕಿ.ಮೀ.ಗೆ 20 ಮೀಟರ್ ಅಂದರೆ ಕಿಲೋಮೀಟರಿಗೆ ಅರ್ಧ ಮೀಟರ್ ಚಿಲ್ಲರೆ, ಅದು ಕಾಲಿಗೆ ಗೊತ್ತೇ ಆಗುವುದಿಲ್ಲ. ಯುರೋಪಿನಲ್ಲಿ ಡ್ಯಾನ್ಯೂಬ್ ನದಿ ಪಕ್ಕ ಹೆಸರುವಾಸಿ ಸೈಕಲ್ ದಾರಿ ಇದೆ. ಜರ್ಮನಿಯ ಪಸ್ಸೌದಿಂದ ವಿಯೆನ್ನಾಗೆ 300 ಕಿ.ಮೀ. ಮೇಲೆ, ಅಲ್ಲೂ ನದಿ ಕಿಲೋಮೀಟರಿಗೆ ಇಳಿಯುವುದು ಹೆಚ್ಚುಕಡಿಮೆ ಇಷ್ಟೇ. ಆದರೂ ಬಹುಪಾಲು ಜನ ಪಶ್ಚಿಮದಿಂದ ಪೂರ್ವಕ್ಕೇ ತುಳಿಯುತ್ತಾರೆ. ಅಲ್ಲಿ ಪಡುವಣ ಗಾಳಿ ಜಾಸ್ತಿ, ಬೆನ್ನಿಗೆ ಬೀಳುತ್ತದೆ.

ಬೆನ್ನಿಗೆ ಬಿದ್ದ ಗಾಳಿ ಗೊತ್ತಾಗುವುದಿಲ್ಲ, ಅದೇ ಅದರ ಮೋಸ. ಕಿವಿಯಲ್ಲಿ ಸದ್ದು ನಿಲ್ಲುತ್ತದೆ, ಬೆವರು ಆರುವುದಿಲ್ಲ, ಇವತ್ತು ಕಾಲು ಚೆನ್ನಾಗಿದೆ ಅನಿಸುತ್ತದೆ. ತಿರುಗಿದ ಮೇಲೆ ಗೊತ್ತಾಗುತ್ತದೆ. 25ರಲ್ಲಿ ಹೋಗುತ್ತಿದ್ದೀರಿ, ಎದುರಿನಿಂದ ಗಂಟೆಗೆ 10 ಕಿ.ಮೀ. ಗಾಳಿ, ಅಂದರೆ ನಿಮ್ಮ ಎದೆಗೆ ಬಡಿಯುವುದು 35. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಹಾಗಾಗಿ ಹತ್ತಿರಹತ್ತಿರ ಎರಡು ಪಟ್ಟು. ಮೇಲಿಂದ, ಬಿಸಿಲು ಏರಿದಂತೆ ಬಯಲಿನಲ್ಲಿ ಗಾಳಿಯೂ ಏರುತ್ತದೆ. ಏಳು ಗಂಟೆಯ ಗಾಳಿ ಬೇರೆ, ಹನ್ನೊಂದರದು ಬೇರೆ.

ಹೋಗುವಾಗ ಸಿಕ್ಕ ಲಾಭ ಬರುವಾಗಿನ ನಷ್ಟಕ್ಕೆ ಸರಿಹೋಗುತ್ತದೆ ಅಂತಲೂ ಅಂದುಕೊಳ್ಳಬೇಡಿ. 40 ಕಿ.ಮೀ. 30ರಲ್ಲಿ ಹೋಗಿ 20ರಲ್ಲಿ ಬಂದರೆ ಸರಾಸರಿ 25 ಅಲ್ಲ, 24. ಎದುರು ಗಾಳಿಯಲ್ಲೇ ಜಾಸ್ತಿ ಹೊತ್ತು ಇರುತ್ತೀರಲ್ಲ!

ಅದಕ್ಕೆ ನನ್ನ ಒಂದೇ ನಿಯಮ: ಮೊದಲು ಗಾಳಿಗೆ ಎದುರಾಗಿ ಹೋಗಿ. ಹೊರಡುವ ಮುಂಚೆ ಮೊಬೈಲಿನಲ್ಲಿ ಗಾಳಿಯ ದಿಕ್ಕು ನೋಡಿ, ದಾರಿಯಲ್ಲಿ ನೀರಿನ ಮೇಲಿನ ಕಿರುಅಲೆ ನೋಡಿ, ದಡದ ಜೊಂಡು ಯಾವ ಕಡೆ ಬಾಗಿದೆ ನೋಡಿ. ನದಿ ಸುತ್ತಿ ಸುತ್ತಿ ಹರಿದರೆ ಗಾಳಿ ಪ್ರತಿ ತಿರುವಿಗೂ ಕೆನ್ನೆ ಬದಲಿಸುತ್ತದೆ. ಅಂಥ ಕಡೆ ಒಂದು ಕಿಲೋಮೀಟರ್ ನೋಡಿ ತೀರ್ಮಾನ ಮಾಡಬೇಡಿ.

ಹಳೇಚೈನು:

ಗಾಳಿ ವಿಷಯ ಒಪ್ಪಿದೆ, ಆದರೆ ಒಂದು ತಿದ್ದುಪಡಿ. ಎದುರುಗಾಳಿಯವರು ಹೇಳಿದ್ದು ಬಯಲಿಗೆ. ಬೆಟ್ಟಗಳ ನಡುವಿನ ಕಣಿವೆಯಲ್ಲಿ ಲೆಕ್ಕವೇ ಬೇರೆ. ಹಗಲು ಬಿಸಿಲಿಗೆ ಗಾಳಿ ಕಣಿವೆಯ ಮೇಲ್ಮುಖಕ್ಕೆ ಬೀಸುತ್ತದೆ, ರಾತ್ರಿಯಿಂದ ಬೆಳಗಿನ ತಂಪಿನವರೆಗೆ ಕೆಳಮುಖಕ್ಕೆ. ಆಕಾಶ ತಿಳಿಯಾಗಿದ್ದ ದಿನ ಬೆಳಿಗ್ಗೆ ಬೇಗ ನದಿ ಜೊತೆ ಕೆಳಗೆ ಹೋಗಿ, ಮಧ್ಯಾಹ್ನ ಅದೇ ಗಾಳಿ ತಿರುಗಿದ ಮೇಲೆ ವಾಪಸ್ ಬಂದರೆ ಎರಡೂ ಕಡೆ ಬೆನ್ನಿಗೇ. ಜೀವನದಲ್ಲಿ ಅಪರೂಪಕ್ಕೆ ಸಿಗುವ ಪುಕ್ಕಟೆ ಲಾಭ ಇದು.

ಇನ್ನು ಆ 410 ಮೀಟರ್. ನದಿ ಇಳಿಯುತ್ತಲೇ ಹೋಗುತ್ತದೆ, ರಸ್ತೆ ಹಾಗಲ್ಲ. ನೆರೆ ಬಂದರೆ ಮುಳುಗಬಾರದು ಅಂತ ರಸ್ತೆಯನ್ನು ದಡದಿಂದ ಸ್ವಲ್ಪ ಮೇಲೆ ಹಾಕಿರುತ್ತಾರೆ. ಆಮೇಲೆ ನದಿಗೆ ಬಂದು ಸೇರುವ ಒಂದೊಂದು ಹಳ್ಳಕ್ಕೂ ರಸ್ತೆ ಕೆಳಗಿಳಿದು, ಮೋರಿ ದಾಟಿ, ಮತ್ತೆ ಮೇಲೆ ಹತ್ತುತ್ತದೆ. ಒಂದೊಂದಕ್ಕೆ 15 ಮೀಟರ್ ಹಿಡಿಯಿರಿ. 13 ಹಳ್ಳ, ಹೋಗಿ ಬಂದು 26 ಸಲ, 390. ಅದಕ್ಕೆ ನಿಮ್ಮ 20 ಸೇರಿಸಿ. ಸರಿಹೋಯ್ತಾ? (ಲೆಕ್ಕ ಕೂಡಲಿ ಅಂತ 13 ನಾನೇ ಇಟ್ಟುಕೊಂಡೆ, ಎಣಿಸಿ ನೋಡಿ.)

ಈ ಸಣ್ಣ ಏರುಗಳೇ ಕಾಲು ತಿನ್ನುವುದು. ಇಳಿದು ಬಂದ ವೇಗದಲ್ಲೇ ಹತ್ತಿಬಿಡೋಣ ಅಂತ ದೊಡ್ಡ ಗೇರಿನಲ್ಲಿ ಎದ್ದು ನಿಂತು ತುಳಿಯುತ್ತೇವೆ, ಅರ್ಧಕ್ಕೆ ವೇಗ ಸಾಯುತ್ತದೆ, ಮಂಡಿ ಕಿರುಗುಟ್ಟುತ್ತದೆ. ಮೋರಿಗೆ ಮುಂಚೆಯೇ ಗೇರ್ ಇಳಿಸಿ, ಕೂತೇ ತುಳಿಯಿರಿ.

ಒಂದು ಮಾತು, ಆ ಅಂಕಿಯನ್ನು ಪೂರ್ತಿ ನಂಬಬೇಡಿ. ಭೂಪಟದ ಎತ್ತರ ಹಿಡಿದು ಲೆಕ್ಕ ಹಾಕುವ ಆ್ಯಪ್‌ಗಳಿಗೆ ಸೇತುವೆ ಕಾಣುವುದಿಲ್ಲ. ನೀವು ಸೇತುವೆ ಮೇಲೆ ನೆಟ್ಟಗೆ ಹೋದರೂ ಅದು ಕೆಳಗಿನ ಹಳ್ಳಕ್ಕೆ ಇಳಿದು ಹತ್ತಿದ ಹಾಗೆ ಬರೆದುಕೊಳ್ಳುತ್ತದೆ.

ಪಂಕ್ಚರ್‌ಪ್ರಿಯ:

ಟೈರ್ ಬಗ್ಗೆ ಯಾರೂ ಹೇಳಲೇ ಇಲ್ಲ. 25ಕ್ಕೆ 100 ತುಂಬಾ ಜಾಸ್ತಿ ಮಾರಾಯ್ರೇ. ಹಳ್ಳಿ ಡಾಂಬರು ನುಣ್ಣಗಿರುವುದಿಲ್ಲ, ಗಟ್ಟಿ ಟೈರು ಕಲ್ಲು ಕಲ್ಲಿಗೂ ಪುಟಿಯುತ್ತದೆ, ಮುಂದೆ ಹೋಗಬೇಕಾದ ಶಕ್ತಿ ನಿಮ್ಮನ್ನು ಮೇಲೆ ಕೆಳಗೆ ಎತ್ತಿಹಾಕುವುದಕ್ಕೆ ಖರ್ಚಾಗುತ್ತದೆ. ನೀವು 70 ಕೆ.ಜಿ. ಆಸುಪಾಸು ಇದ್ದರೆ 80-85 ಸಾಕು, ಮುಂದಿನದಕ್ಕೆ ಇನ್ನೊಂದು ಐದು ಕಡಿಮೆ. ಫ್ರೇಮಿನಲ್ಲಿ ಜಾಗ ಇದ್ದರೆ 28 ಹಾಕಿ, ಗಾಳಿ ಇನ್ನೂ ಇಳಿಸಬಹುದು. ಆದರೆ ತಗೊಳ್ಳುವ ಮುಂಚೆ ಬ್ರೇಕಿನ ಹತ್ತಿರ, ಫೋರ್ಕಿನ ಹತ್ತಿರ ಬೆರಳು ತೂರಿಸಿ ನೋಡಿ. ಟೈರಿನ ಸುತ್ತ ನಾಲ್ಕು ಮಿ.ಮೀ. ಆದರೂ ಖಾಲಿ ಇರಬೇಕು, ಇಲ್ಲದಿದ್ದರೆ ಕೆಸರು ಸಿಕ್ಕಿ ಚಕ್ರ ಉಜ್ಜುತ್ತದೆ. ರಿಮ್ ಹುಕ್‌ಲೆಸ್ (ಟೈರಿನ ಅಂಚು ಹಿಡಿಯುವ ಕೊಕ್ಕೆ ಇಲ್ಲದ್ದು) ಆಗಿದ್ದರೆ 72.5 ಪಿಎಸ್‌ಐ ದಾಟಲೇಬಾರದು, ಅದು 5 ಬಾರ್, ಅದರ ಮಿತಿ. ಟೈರೂ ಅಂಥ ರಿಮ್ಮಿಗೆ ಒಗ್ಗುವುದೇ ಇರಬೇಕು.

ನದಿ ರಸ್ತೆಯಲ್ಲಿ ನನಗೆ ನಿಜವಾದ ಭಯ ಅಂದರೆ ತಿರುವಿನಲ್ಲಿ ಕೂತ ಮೆಕ್ಕಲು. ನೆರೆ ಇಳಿದು ಹತ್ತು ದಿನ ಆಗಿತ್ತು, ರಸ್ತೆ ಒಣಗಿದ ಹಾಗೇ ಕಾಣುತ್ತಿತ್ತು. ತಗ್ಗಿನಲ್ಲಿ ಬೂದು ಬಣ್ಣದ ಒಂದು ಪಟ್ಟಿ, ಮೇಲೆಲ್ಲ ಸಣ್ಣ ಬಿರುಕು. ಅದರ ಕೆಳಗೆ ಇನ್ನೂ ಹಸಿ. ಮುಂದಿನ ಚಕ್ರ ಅದರ ಮೇಲೆ ಹೋಯ್ತು ಅಷ್ಟೇ, ಬ್ರೇಕ್ ಕೂಡ ಹಿಡಿದಿರಲಿಲ್ಲ. ಮೊಣಕೈ ಚರ್ಮ ಅಲ್ಲೇ ಬಿಟ್ಟು ಬಂದೆ. ಈಗ ಬೂದು ಪಟ್ಟಿ ಕಂಡರೆ ಹ್ಯಾಂಡಲ್ ನೆಟ್ಟಗಿಟ್ಟು, ತುಳಿಯದೆ, ಸುಮ್ನೆ ತೇಲಿಸಿಕೊಂಡು ದಾಟುತ್ತೇನೆ. ಟ್ರ್ಯಾಕ್ಟರ್ ಚಕ್ರದಿಂದ ಉದುರಿದ ಹೆಂಟೆಗೂ ಇದೇ ಮದ್ದು.

ಒಬ್ಬರೇ ಹೋಗುವುದಾದರೆ ಎರಡು ಟ್ಯೂಬ್, ಟೈರ್ ಬಿಚ್ಚುವ ಲಿವರ್, ಕೈಪಂಪ್, ಚೈನು ತುಂಡಾದರೆ ಜೋಡಿಸಲು ಒಂದು ಕ್ವಿಕ್ ಲಿಂಕ್, ಜೊತೆಗೆ ಹಳೇ ಟೈರಿನ ಎರಡಿಂಚು ತುಂಡು. ಟೈರಿನ ಪಕ್ಕ ಸೀಳಿದರೆ ಒಳಗಿಂದ ಆ ತುಂಡು ಕೊಟ್ಟು ಮನೆ ಸೇರಬಹುದು. ನಾಯಿ ಅಟ್ಟಿಸಿಕೊಂಡು ಬಂದರೆ ಓಟ ಬೇಡ, ಇಳಿದು ಸೈಕಲ್ಲನ್ನು ನಡುವೆ ಹಿಡಿದುಕೊಂಡು ನಡೆಯಿರಿ, ಬಹಳಷ್ಟು ಸಲ ಅದಕ್ಕೇ ಬೇಜಾರಾಗಿ ಹೋಗುತ್ತದೆ.

ಎದುರುಗಾಳಿ:

ಆಚೆ ದಡದ ಮಾತು ಮರೆತಿದ್ದೆ. ಎಲ್ಲಿ ದಾಟುತ್ತೀರಿ ಅಂತ ಮ್ಯಾಪನ್ನು ದೊಡ್ಡದು ಮಾಡಿ ನೋಡಿ. ನಾನು ಒಮ್ಮೆ ಆ್ಯಪ್ ತೋರಿಸಿದ ಗೆರೆ ನಂಬಿ 52 ಕಿ.ಮೀ. ಹೋದೆ. ಗೆರೆ ನದಿ ಮೇಲೆ ಹಾದುಹೋಗಿತ್ತು, ಸೇತುವೆ ಅಂತಲೇ ಅಂದುಕೊಂಡೆ. ಹೋಗಿ ನೋಡಿದರೆ ದೋಣಿ ಕಡವು. ನೀರು ಜಾಸ್ತಿ ಇದೆ ಅಂತ ದೋಣಿ ದಡಕ್ಕೆ ಕಟ್ಟಿಹಾಕಿದ್ದರು. ಆಚೆ ದಡ ಕೂಗಿದರೆ ಕೇಳುವಷ್ಟು ಹತ್ತಿರ, ಸೇತುವೆ ಮಾತ್ರ 17 ಕಿ.ಮೀ. ಹಿಂದೆ.

ನೀರು, ತಿನ್ನುವುದು ಎರಡೂ ಹಸಿವು ಬಾಯಾರಿಕೆ ಆಗುವ ಮುಂಚೆ ಶುರುವಾಗಲಿ. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್. ಪಕ್ಕದಲ್ಲೇ ನದಿ ಇದೆ ಅಂತ ಬಾಟಲಿ ಅದ್ದಬೇಡಿ, ಹೊಲಕ್ಕೆ ಹೊಡೆದ ಔಷಧಿ ಎಲ್ಲ ಅಲ್ಲಿಗೇ ಬಂದು ಸೇರುವುದು.

ನಿಧಾನಗಾಲಿ:

ಹೋಗಿ ಬಂದೆ! ಗಾಳಿಗೆ ಎದುರಾಗಿ ಹೊರಟೆ, ಮೊದಲ ಎರಡು ಗಂಟೆ ನಿಮ್ಮನ್ನೆಲ್ಲ ಬೈದುಕೊಂಡೇ ತುಳಿದೆ. ದಾಟಿದ್ದು ಸೇತುವೆಯಲ್ಲೇ, ದೋಣಿ ಅಲ್ಲ. ಆಚೆ ದಡದಲ್ಲಿ ಆರು ಕಿ.ಮೀ. ಡಾಂಬರು ಕಿತ್ತುಹೋಗಿತ್ತು, 80 ಪಿಎಸ್‌ಐಗೆ ಇಳಿಸಿದ್ದಕ್ಕೆ ಹಲ್ಲು ಉಳಿಯಿತು. 93 ಕಿ.ಮೀ., ಮೀನಖಂಡ ಸದ್ದಿಲ್ಲ. ಕೊನೆಯ ಗಂಟೆಯಲ್ಲಿ ಜೊಂಡೆಲ್ಲ ನಾನು ಹೋಗುವ ಕಡೆಗೇ ಬಾಗಿತ್ತು, ಅದನ್ನು ನೋಡಿಕೊಂಡೇ ಬಂದೆ.

ಅಂದಹಾಗೆ, ಹೋದ ವಾರದ ದಾರಿಯಲ್ಲಿ ಹಳ್ಳ 13 ಇಲ್ಲ. ಎಣಿಸಿದೆ, 11.

ಹಳೇಚೈನು:

ಹಾಗಾದ್ರೆ 60 ಮೀಟರ್ ಕಡಿಮೆ ಬಿತ್ತಲ್ಲ. ದೊಡ್ಡ ಸೇತುವೆ ಎಷ್ಟು ಇದ್ದವು?

ನಿಧಾನಗಾಲಿ:

ಎರಡು. ಎರಡರಲ್ಲೂ ನಾನು ಮೇಲೆ ಹೋಗುವಾಗ ಆ್ಯಪ್ ನೀರಿಗೆ ಇಳಿದಿದೆ, ಗ್ರಾಫಿನಲ್ಲಿ ಗುಂಡಿ ಹಾಗೇ ಕಾಣ್ತಿದೆ.