ಒಂಟಿ ಡೈವ್‌ಗೆ ಇಳಿಯುವ ಮೊದಲು ಲಾಗ್ ಪುಸ್ತಕ ತೆರೆಯಬೇಕೇ?

ಪ್ರಶ್ನೆ

ಕೆಲವು ವರ್ಷಗಳಿಂದ ಸ್ಕೂಬಾ ಡೈವಿಂಗ್ ಮಾಡುತ್ತಿದ್ದೇನೆ. ಪ್ರತಿ ಸಲವೂ ಗುರುತು ಪರಿಚಯವಿಲ್ಲದ ಜೊತೆಗಾರ ಸಿಗುತ್ತಾನೆ. ಅವನ ಗಾಳಿ ಮುಗಿಯುತ್ತಾ ಬಂದಿತೆಂದು ನಾನೂ ಅರ್ಧಕ್ಕೇ ಮೇಲೆ ಬರಬೇಕಾಗುತ್ತದೆ. ಇನ್ನು ಮುಂದೆ ಒಬ್ಬನೇ ಇಳಿಯೋಣ ಎನಿಸಿದೆ. ಮೊದಲೆಲ್ಲ ಲಾಗ್, ಅಂದರೆ ಪ್ರತಿ ಡೈವ್‌ನ ವಿವರ, ಬರೆಯುತ್ತಿದ್ದೆ. ಮಣಿಕಟ್ಟಿನ ಡೈವ್ ಕಂಪ್ಯೂಟರ್ ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತದಲ್ಲ ಎಂದು ಈಗ ಬಿಟ್ಟಿದ್ದೇನೆ. ಒಂಟಿಯಾಗಿ ಇಳಿಯುವವರು ಹೇಗೆ ಸಿದ್ಧರಾದಿರಿ? ಲಾಗ್ ಬರೆಯುವುದರಿಂದ ನಿಜಕ್ಕೂ ಪ್ರಯೋಜನವಿದೆಯೇ?

ಡೈವಿಂಗ್ ಕಲಿಸುವವರೊಬ್ಬರ ಉತ್ತರ

ನೀವು ಎರಡು ಪ್ರಶ್ನೆ ಕೇಳಿದ್ದೀರಿ, ನನಗೆ ಅದು ಒಂದೇ ಪ್ರಶ್ನೆಯಾಗಿ ಕಾಣುತ್ತದೆ. ಒಂಟಿ ಡೈವಿಂಗ್ ಕಲಿಸುವ ಕೋರ್ಸ್‌ಗಳಲ್ಲಿ ಎಸ್‌ಡಿಐ ಎಂಬ ತರಬೇತಿ ಸಂಸ್ಥೆಯ ಸೋಲೋ ಡೈವರ್ ಆಗಲಿ, ಪ್ಯಾಡಿ ಎಂಬ ಇನ್ನೊಂದು ಸಂಸ್ಥೆಯ ಸೆಲ್ಫ್ ರಿಲಯಂಟ್ ಡೈವರ್ ಆಗಲಿ, ಸೇರಬೇಕಾದರೆ ಲಾಗ್‌ನಲ್ಲಿ 100 ಡೈವ್ ದಾಖಲಾಗಿರಬೇಕು. ಬಹಳ ಮಂದಿ ಇದನ್ನು ಹಾಜರಿ ಪುಸ್ತಕ ಎಂದುಕೊಂಡು ಬರುತ್ತಾರೆ. ನಾನು ಎಣಿಸುವ ಮೊದಲು ಬೇರೆಯದನ್ನೇ ಕೇಳುತ್ತೇನೆ: ನೀವು ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಉಸಿರಾಡುತ್ತೀರಿ? ಉತ್ತರ ಬಾರದಿದ್ದರೆ ನೂರಲ್ಲ, ಮುನ್ನೂರು ಡೈವ್ ಇದ್ದರೂ ಒಂಟಿಯಾಗಿ ಇಳಿಯುವ ಮಾತನ್ನು ಮುಂದೂಡುತ್ತೇನೆ.

ಲೆಕ್ಕ ಕಷ್ಟದ್ದಲ್ಲ. 12 ಲೀಟರ್ ಸಿಲಿಂಡರ್‌ನಲ್ಲಿ, ಸರಾಸರಿ 20 ಮೀಟರ್ ಆಳದಲ್ಲಿ, 20 ನಿಮಿಷಕ್ಕೆ 90 ಬಾರ್ (ಬಾರ್ ಎಂದರೆ ಒತ್ತಡದ ಅಳತೆ) ಖರ್ಚಾಯಿತು ಎನ್ನಿ. 90ನ್ನು 12ರಿಂದ ಗುಣಿಸಿದರೆ 1080 ಲೀಟರ್. ನಿಮಿಷಕ್ಕೆ 54. ಆ ಆಳದಲ್ಲಿ ಒಟ್ಟು ಒತ್ತಡ 3 ಬಾರ್, ಆದ್ದರಿಂದ ಮೂರರಿಂದ ಭಾಗಿಸಿ: ನೀರಿನ ಮೇಲ್ಮೈಯ ಲೆಕ್ಕದಲ್ಲಿ ನಿಮಿಷಕ್ಕೆ 18 ಲೀಟರ್. ಒಂದು ಡೈವ್‌ನ ಅಂಕಿ ಏನನ್ನೂ ಹೇಳದು. ತಣ್ಣೀರು, ಸೆಳೆತ, ಹೊಸ ಜಾಗ, ನಿದ್ದೆಗೆಟ್ಟ ದಿನ, ಇವೆಲ್ಲದರ ಅಂಕಿಗಳು ಸಾಲಾಗಿ ಕಣ್ಣೆದುರು ಇದ್ದಾಗ ನಿಮ್ಮ ಉಸಿರಿನ ಸ್ವಭಾವ ತಿಳಿಯುತ್ತದೆ.

ತಿಳಿದು ಏನು ಮಾಡುವುದು ಎಂದರೆ, ಜೊತೆಗಾರನ ಬದಲು ನೀವು ಒಯ್ಯಬೇಕಾದ ಪೋನಿ ಸಿಲಿಂಡರ್‌ನ, ಅಂದರೆ ಆಪತ್ತಿಗೆಂದು ಇಟ್ಟುಕೊಳ್ಳುವ ಪುಟ್ಟ ಸಿಲಿಂಡರ್‌ನ, ಗಾತ್ರವನ್ನು ಇದೇ ಅಂಕಿ ನಿರ್ಧರಿಸುತ್ತದೆ. ಗಾಬರಿಯಲ್ಲಿ ಉಸಿರು ದುಪ್ಪಟ್ಟಾಗುತ್ತದೆ ಎಂದುಕೊಂಡು 36 ಲೀಟರ್ ಹಿಡಿಯಿರಿ. 20 ಮೀಟರ್‌ನಲ್ಲಿ ಮುಖ್ಯ ಸಿಲಿಂಡರ್ ಕೈಕೊಟ್ಟಿತು. ಸಾವರಿಸಿಕೊಳ್ಳಲು ಒಂದು ನಿಮಿಷ, ನಿಮಿಷಕ್ಕೆ 9 ಮೀಟರ್ ವೇಗದಲ್ಲಿ ಏರಿಕೆ, 5 ಮೀಟರ್‌ನಲ್ಲಿ ಸುರಕ್ಷತೆಗಾಗಿ 3 ನಿಮಿಷ ತಂಗುವುದು, ಅಲ್ಲಿಂದ ಮೇಲಕ್ಕೆ. ಎಲ್ಲ ಸೇರಿ ಸುಮಾರು 430 ಲೀಟರ್. 200 ಬಾರ್ ತುಂಬಿದ 3 ಲೀಟರ್ ಪೋನಿಯಲ್ಲಿ 600 ಲೀಟರ್ ಇರುತ್ತದೆ, ಸಾಕು. ಅದೇ ಲೆಕ್ಕವನ್ನು 30 ಮೀಟರ್‌ನಿಂದ ಮಾಡಿ, 600 ದಾಟುತ್ತದೆ. ತಂಗುವುದನ್ನು ಬಿಟ್ಟರಾಯಿತು ಎಂದು ವಾದಿಸುವವರಿದ್ದಾರೆ. ಆಪತ್ತಿನಲ್ಲಿ ಬಿಡಬೇಕಾಗಬಹುದು, ನಿಜ. ಮನೆಯಲ್ಲಿ ಕುಳಿತು ಯೋಜನೆ ಹಾಕುವಾಗಲೇ ಬಿಟ್ಟರೆ ಅದು ಯೋಜನೆಯೇ ಅಲ್ಲ. ಅಂದರೆ ಆ ಪುಟ್ಟ ಪೋನಿಯನ್ನು ನಂಬಿಕೊಂಡು ಒಬ್ಬರೇ 30 ಮೀಟರ್‌ಗೆ ಹೋಗಬಾರದು. ಈ ತೀರ್ಮಾನ ನನ್ನದಲ್ಲ, ನಿಮ್ಮ ಲಾಗ್‌ನದು. ನಿಮ್ಮ ಅಂಕಿ 14 ಇದ್ದರೆ ಉತ್ತರ ಬೇರೆ, 25 ಇದ್ದರೆ ಇನ್ನೂ ಬೇರೆ.

ನೀರೊಳಗೆ ಛಾಯಾಚಿತ್ರ ತೆಗೆಯುವವರೊಬ್ಬರ ಉತ್ತರ

ಕ್ಯಾಮೆರಾ ಹಿಡಿದವರಿಗೆ ಒಂಟಿತನ ಹೊಸತಲ್ಲ. ಒಂದೇ ಹವಳದ ಬಂಡೆಯ ಮುಂದೆ ಅರ್ಧ ಗಂಟೆ ಕದಲದೆ ನಿಲ್ಲುವವನ ಜೊತೆ ಯಾರು ನಿಲ್ಲುತ್ತಾರೆ? ಕಾಗದದಲ್ಲಿ ಜೊತೆಗಾರ ಇರುತ್ತಾನೆ, ಹದಿನೈದು ಮೀಟರ್ ಆಚೆ, ಬೆನ್ನು ತಿರುಗಿಸಿಕೊಂಡು. ಅಂಥ ಜೊತೆಗಿಂತ ಸಿದ್ಧತೆಯಿರುವ ಒಂಟಿ ಡೈವ್ ಪ್ರಾಮಾಣಿಕ ಎಂಬುದು ನನ್ನ ಪಕ್ಷ. ಆದರೆ ಸಾಮಾನು ಎರಡೆರಡು ಬೇಕು: ಎರಡು ಡೈವ್ ಕಂಪ್ಯೂಟರ್, ಜೇಬಿನಲ್ಲಿ ಇನ್ನೊಂದು ಮಾಸ್ಕ್, ಎರಡೂ ಕೈಗೆ ಎಟಕುವಂತೆ ಬೇರೆ ಬೇರೆ ಕಡೆ ಕಟ್ಟಿದ ಎರಡು ಕತ್ತರಿಸುವ ಸಾಧನ. ಹಳೆಯ ಮೀನುಗಾರಿಕೆಯ ದಾರ ನೀರಿನಲ್ಲಿ ಕಣ್ಣಿಗೇ ಕಾಣುವುದಿಲ್ಲ, ಸಿಕ್ಕಿಕೊಳ್ಳುವುದು ಬಹುತೇಕ ಬೆನ್ನ ಹಿಂದೆ, ಸಿಲಿಂಡರ್‌ನ ಕವಾಟದ ಬಳಿ. ಜೊತೆಗಾರನಿದ್ದರೆ ಕ್ಷಣದಲ್ಲಿ ಬಿಡಿಸುತ್ತಾನೆ. ಒಬ್ಬರೇ ಇದ್ದಾಗ ಸಾಮಾನು ಹೊತ್ತ ಜಾಕೆಟ್ಟನ್ನೇ ಕಳಚಿ, ಗಾಳಿ ಕೊಡುವ ರೆಗ್ಯುಲೇಟರನ್ನು ಬಾಯಿಯಿಂದ ಬಿಡದೆ, ದಾರ ಕತ್ತರಿಸಿ ಮತ್ತೆ ತೊಡಬೇಕು. ಇದನ್ನು ಆಳವಿಲ್ಲದ ನೀರಿನಲ್ಲಿ, ಪಕ್ಕದಲ್ಲಿ ಯಾರಾದರೂ ಇರುವಾಗ, ಬೇಸರ ಬರುವಷ್ಟು ಸಲ ಮಾಡಿ ನೋಡಿ.

ಲಾಗ್ ವಿಚಾರ. ಕಂಪ್ಯೂಟರ್ ಆಳ, ಹೊತ್ತು, ನೀರಿನ ಉಷ್ಣತೆ ಇಟ್ಟುಕೊಳ್ಳುತ್ತದೆ. ಸೀಸದ ತೂಕ ಎಷ್ಟು ಕಟ್ಟಿದ್ದೆ, ಯಾವ ಸೂಟ್ ತೊಟ್ಟಿದ್ದೆ, ಸಿಲಿಂಡರ್ ಉಕ್ಕಿನದೋ ಅಲ್ಯೂಮಿನಿಯಂನದೋ, ಕೊನೆಗೆ 5 ಮೀಟರ್‌ನಲ್ಲಿ ನೆಟ್ಟಗೆ ನಿಲ್ಲಲಾಯಿತೋ ಅಥವಾ ಮೇಲಕ್ಕೆ ಎಳೆದೊಯ್ಯುತ್ತಿತ್ತೋ, ಇದೊಂದೂ ಅದಕ್ಕೆ ಗೊತ್ತಿಲ್ಲ. ಒಂದು ಡೈವ್ ಮುಗಿಯುವ ಹೊತ್ತಿಗೆ ಸುಮಾರು 2 ಕಿಲೋ ಗಾಳಿಯನ್ನು ಉಸಿರಾಡಿ ಮುಗಿಸಿರುತ್ತೇವೆ. ಅಲ್ಯೂಮಿನಿಯಂ ಸಿಲಿಂಡರ್ ತುಂಬಿದಾಗ ಮುಳುಗುತ್ತದೆ, ಬರಿದಾಗುತ್ತಾ ತೇಲತೊಡಗುತ್ತದೆ. ಸಿಹಿನೀರಿನ ತೂಕವನ್ನೇ ಉಪ್ಪುನೀರಿಗೂ ಕಟ್ಟಿಕೊಂಡು ಹೋದರೆ ಕೆಳಗೆ ಇಳಿಯುವುದೇ ಇಲ್ಲ. ಒಂಟಿಯಾಗಿರುವಾಗ ತೂಕ ತಪ್ಪಿದರೆ ಹಿಡಿದು ನಿಲ್ಲಿಸುವವರಿಲ್ಲ. ಹೀಗಾಗಿ ನನ್ನ ಪುಟದಲ್ಲಿ ಮೀನಿನ ಹೆಸರಿಗಿಂತ ಮೊದಲು ತೂಕ ಬರುತ್ತದೆ. (ಮೀನಿನ ಹೆಸರನ್ನೂ ಬರೆಯಿರಿ. ಅದಿಲ್ಲದ ಲಾಗ್ ಯಾರಿಗೂ ಮತ್ತೆ ಓದಬೇಕೆನಿಸುವುದಿಲ್ಲ.)

ಕಾಗದ ಬೇಡವೆಂದರೆ ಸಬ್‌ಸರ್ಫೇಸ್ ಎಂಬ ಉಚಿತ ತಂತ್ರಾಂಶವಿದೆ. ಲಿನಕ್ಸ್ ಖ್ಯಾತಿಯ ಲಿನಸ್ ಟೋರ್ವಾಲ್ಡ್ಸ್ 2011ರಲ್ಲಿ ಶುರುಮಾಡಿದ್ದು, ಅವರೂ ಡೈವರ್. ಡೈವ್ ಕಂಪ್ಯೂಟರ್‌ನಿಂದ ದಾಖಲೆ ಇಳಿಸಿಕೊಂಡು ಸಿಲಿಂಡರ್‌ನ ವಿವರ ತುಂಬಿದರೆ ಮೇಲಿನವರು ಹೇಳಿದ ಗಾಳಿಯ ಲೆಕ್ಕವನ್ನು ತಾನೇ ಮಾಡಿಕೊಡುತ್ತದೆ. ಟಿಪ್ಪಣಿಯ ಜಾಗವನ್ನು ಮಾತ್ರ ನೀವೇ ತುಂಬಬೇಕು.

ಒಂಟಿ ಡೈವ್ ಬಿಟ್ಟವರೊಬ್ಬರ ಉತ್ತರ

ಮೇಲಿನ ಇಬ್ಬರ ಮಾತೂ ಸರಿ, ಆದರೆ ಇಬ್ಬರೂ ಉಪಕರಣದ ತೊಂದರೆಯನ್ನಷ್ಟೇ ಹೇಳಿದ್ದಾರೆ. ಪೋನಿ ಸಿಲಿಂಡರ್ ಗಾಳಿ ಕೊಡುತ್ತದೆ, ಎಚ್ಚರ ತಪ್ಪಿದವನನ್ನು ಮೇಲೆ ತರುವುದಿಲ್ಲ. ಹೃದಯದ ತೊಂದರೆ, ನೀರಿನಲ್ಲಿರುವಾಗಲೇ ಶ್ವಾಸಕೋಶದಲ್ಲಿ ದ್ರವ ತುಂಬುವ ಸ್ಥಿತಿ, ಇವಕ್ಕೆ ಎರಡನೆಯ ಕಂಪ್ಯೂಟರ್ ಮದ್ದಲ್ಲ.

ನಾನು ಪ್ರತಿ ಡೈವ್‌ನ ಕೊನೆಯಲ್ಲಿ ಒಂದು ಸಾಲು ದೇಹದ ಬಗ್ಗೆ ಬರೆಯುತ್ತಿದ್ದೆ. ಹಿಂತಿರುಗಿ ಓದುವಾಗ 'ಏಣಿ ಹತ್ತುವಾಗ ಏದುಸಿರು', 'ರಾತ್ರಿ ಕೆಮ್ಮು' ಎಂಬ ಮಾತುಗಳು ಒಂದು ಕಾಲದಿಂದೀಚೆಗೆ ಪದೇ ಪದೇ ಬಂದಿದ್ದವು. ಆಯಾ ದಿನ ಅವು ಲೆಕ್ಕಕ್ಕೇ ಬಂದಿರಲಿಲ್ಲ. ವೈದ್ಯರ ಬಳಿ ಪುಸ್ತಕವನ್ನೇ ಒಯ್ದೆ. ರಕ್ತದೊತ್ತಡ ಹೆಚ್ಚಿತ್ತು, ಅದು ಆ ದ್ರವ ತುಂಬುವ ಸ್ಥಿತಿಗೆ ದಾರಿ ಮಾಡಿಕೊಡುವ ಕಾರಣಗಳಲ್ಲೊಂದು. ಈಗ ಚಿಕಿತ್ಸೆಯಲ್ಲಿದ್ದೇನೆ, ವೈದ್ಯರ ಒಪ್ಪಿಗೆಯಿಂದ ಡೈವ್ ಮಾಡುತ್ತೇನೆ, ಒಂಟಿಯಾಗಿ ಮಾತ್ರ ಇಳಿಯುವುದಿಲ್ಲ. ಬೇಸರವೇನೂ ಇಲ್ಲವೆಂದು ಹೇಳಲಾರೆ. ಆ ಮೌನ ಜೊತೆಗಾರರ ನಡುವೆ ಸಿಗುವುದಿಲ್ಲ.

ಡೈವ್ ದೋಣಿಯಲ್ಲಿ ಕೆಲಸ ಮಾಡುವವರೊಬ್ಬರ ಉತ್ತರ

ಚಿಕ್ಕದಾಗಿ ಹೇಳಿಬಿಡುತ್ತೇನೆ. ಅನೇಕ ದೋಣಿಗಳು ಒಂಟಿ ಡೈವರ್ ಪ್ರಮಾಣಪತ್ರವಿಲ್ಲದೆ ಬಿಡುವುದಿಲ್ಲ, ಕೆಲವು ಪ್ರಮಾಣಪತ್ರವಿದ್ದರೂ ಬಿಡುವುದಿಲ್ಲ. ಹೊರಡುವ ಮೊದಲೇ ಕೇಳಿ, ದಡದ ಮೇಲೆ ಜಗಳ ಬೇಡ. ವಿಮೆಯ ಷರತ್ತಿನಲ್ಲಿ ಒಂಟಿ ಡೈವ್‌ಗೆ ರಕ್ಷಣೆ ಇದೆಯೇ ಎಂದೂ ಓದಿಕೊಳ್ಳಿ. ಲಾಗ್ ತನ್ನಿ. ಇತ್ತೀಚಿನ ಪುಟಗಳನ್ನು ನೋಡಿದರೆ ಈ ಜಾಗದಲ್ಲಿ ನಿಮ್ಮನ್ನು ಬಿಡಬಹುದೇ ಎಂಬುದು ನಮಗೆ ಬೇಗ ಗೊತ್ತಾಗುತ್ತದೆ. ಕೊನೆಯ ಡೈವ್ ಎರಡು ವರ್ಷ ಹಿಂದಿನದಾದರೆ ಮೊದಲ ದಿನ ಯಾರ ಜೊತೆಗಾದರೂ ಇಳಿಯಲು ಹೇಳುತ್ತೇವೆ. ಎರಡು ಮೂರು ಡೈವ್ ಮಾಡಿ ವಿಮಾನ ಹತ್ತುವವರು ಕನಿಷ್ಠ 18 ಗಂಟೆ ಕಾಯಬೇಕು, ಆ ಲೆಕ್ಕಕ್ಕೂ ಪುಟದಲ್ಲಿ ಮೇಲೆ ಬಂದ ಸಮಯ ಬೇಕೇ ಬೇಕು.

ಮೇಲೆ ಬರುವ ಮೊದಲು ಗುರುತಿನ ಬಲೂನನ್ನು ದಾರಕಟ್ಟಿ ಬಿಡಿ. ಒಬ್ಬರ ತಲೆ ಅಲೆಗಳ ನಡುವೆ ದೋಣಿಯಿಂದ ಕಾಣುವುದಿಲ್ಲ. ಸೀಟಿ, ಪುಟ್ಟ ಕನ್ನಡಿ ಇಟ್ಟುಕೊಳ್ಳಿ. ದಡದಿಂದ ಒಬ್ಬರೇ ಇಳಿಯುವುದಾದರೆ ಎಲ್ಲಿ ಇಳಿಯುತ್ತೀರಿ, ಎಷ್ಟು ಹೊತ್ತಿಗೆ ಹೊರಬರುತ್ತೀರಿ, ಎಷ್ಟು ಹೊತ್ತಾದ ಮೇಲೆ ಸಹಾಯಕ್ಕೆ ಕರೆ ಮಾಡಬೇಕು ಎಂದು ಒಂದು ಚೀಟಿ ಬರೆದು ನಂಬಿಕಸ್ಥರ ಕೈಯಲ್ಲಿ ಕೊಡಿ. ಹೊರಬಂದ ಕೂಡಲೇ ಅವರಿಗೆ ತಿಳಿಸಿ, ಲಾಗ್ ಆಮೇಲೆ ಬರೆದರೂ ನಡೆಯುತ್ತದೆ.