ಹೊಟ್ಟೆ ಉಬ್ಬರಕ್ಕೆ ಚೀನೀ ಗಂಜಿ ಮಾಡಿದವರು ಇದ್ದೀರಾ?

ಪ್ರಶ್ನೆ, ಧಾರವಾಡ:
ಅವ್ವನಿಗೆ ರಾತ್ರಿ ರೊಟ್ಟಿ ಉಂಡರೆ ಹೊಟ್ಟೆ ಉಬ್ಬರಿಸುತ್ತದೆ. ಚೀನಾದಲ್ಲಿ ಇದಕ್ಕೆ ಬಿಸಿ ಗಂಜಿ ಕೊಡ್ತಾರಂತೆ. ಮಾಡೋದು ಹೇಗೆ?

ಉತ್ತರ, ಹುಬ್ಬಳ್ಳಿ:
ಅಕ್ಕಾ, ನಮ್ಮ ಮನೆಯಲ್ಲಿ ಮಾಡುತ್ತೇವೆ. 1 ಲೋಟ ಅಕ್ಕಿಗೆ 10 ಲೋಟ ನೀರು, ನಾಲ್ಕು ಬಿಲ್ಲೆ ಹಸಿ ಶುಂಠಿ. ಸಣ್ಣ ಉರಿಯಲ್ಲಿ ಅಕ್ಕಿ ಒಡೆದು ಕರಗೋವರೆಗೂ ಕುದಿಸಿ. ಆಗಾಗ ಕೈಯಾಡಿಸಿ, ಇಲ್ಲಾಂದ್ರೆ ತಳ ಹಿಡಿಯುತ್ತದೆ. ಚೀನಾದವರ ವೈದ್ಯದಲ್ಲಿ ಜೀರ್ಣಕ್ಕೆ ಜಠರದ ಜೊತೆ ಗುಲ್ಮವೂ (ಹೊಟ್ಟೆಯ ಎಡಗಡೆ ಇರೋ ಅಂಗ, ಸ್ಪ್ಲೀನ್) ಮುಖ್ಯ. ಎರಡಕ್ಕೂ ತಣ್ಣನೆಯ, ಹಸಿ ಪದಾರ್ಥ ಭಾರ. ಇವು ಕೆಟ್ಟರೆ ಬೇರೆ ರೋಗಗಳೂ ಬರುತ್ತವೆ ಅಂತ 13ನೇ ಶತಮಾನದ ವೈದ್ಯ ಲೀ ದೊಂಗ್‌ಯುವಾನ್ ಹೇಳಿದ್ದ. ಫ್ರಿಜ್ಜಿನ ಮಜ್ಜಿಗೆ ಮೊದಲು ಬಿಡಿಸಿ.

ಉತ್ತರ, ಗದಗ:
ಮೆತ್ತಗೆ ಬೇಯಿಸಿದ ಜೋಳದ ನುಚ್ಚೂ ಹಗುರವೇ ಅಲ್ವಾ? ಅವ್ವನಿಗೆ ರುಚಿಯೂ ಹಿಡಿಸುತ್ತದೆ.

ಉತ್ತರ, ಹಾವೇರಿ:
ಸಕ್ಕರೆ ಕಾಯಿಲೆ ಇದ್ದರೆ ಅಕ್ಕಿ ಗಂಜಿ ಜಾಸ್ತಿ ಬೇಡ ರೀ. ತೂಕ ಇಳೀತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ.